ಗುಬ್ಬಿಯ ಹಲ್ಲು, ಸಾಹೇಬರ ನಾಲಿಗೆ

ಹಲ್ಲುನೋವು ಬಂದದ್ದು ಗುಬ್ಬಿಗೆ. ಊಟ ಬಿಟ್ಟದ್ದು ಇಡೀ ಮನೆ. ಒಂಬತ್ತು ವರ್ಷದ ಹುಡುಗಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಎರಡು ಸಲ ನೆಕ್ಕಿ ತಟ್ಟೆ ತಳ್ಳಿದರೆ, ಅಜ್ಜಿ ತನ್ನ ತಟ್ಟೆಯನ್ನೂ ತಳ್ಳುತ್ತಿದ್ದಳು. ಅತ್ತೆ ತಿನ್ನದೆ ಕೂತಾಗ ಸೊಸೆ ತಿನ್ನುವುದು ಹೇಗೆ? ಇಬ್ಬರೂ ತಿನ್ನದಿರುವಾಗ ಅಪ್ಪ ಅನ್ನಿಸಿಕೊಂಡವನು ಎರಡನೇ ಮೊಟ್ಟೆಗೆ ಕೈ ಚಾಚಿದನೋ, ನಾಲ್ಕು ಕಣ್ಣು ಅವನ ಮೇಲೆ.

“ತಿನ್ನು ತಿನ್ನು, ನಿನಗೇನು, ಹಲ್ಲು ಗಟ್ಟಿಯಾಗಿದೆ,” ಎನ್ನುತ್ತಿದ್ದಳು ಅಜ್ಜಿ.

ಗುಬ್ಬಿಗೆ ಆಟಿಸಂ. ಮಾತು ಕಡಿಮೆ. ಇದ್ದ ಮಾತಿನಲ್ಲೂ ಹೆಚ್ಚಿನದು ಅಮ್ಮನಿಂದ ಎತ್ತಿಕೊಂಡದ್ದು. ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್. ಹಾಗಾಗಿ ಗುಬ್ಬಿ ಮೂಲೆಯಲ್ಲಿ ಅಂಗಿಯ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತ, “ಟಿಕೆಟ್, ಟಿಕೆಟ್, ಚಿಲ್ಲರೆ ಕೊಡಿ” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಯಾರಿಗೂ ಅಂತ ಹೇಳಿದ್ದಲ್ಲ ಅದು. ಯಾರಾದರೂ ಮುಟ್ಟಿದರೆ ಮಾತ್ರ ಬೀದಿಗೆಲ್ಲ ಕೇಳಿಸುವಂತೆ ಕಿರುಚುತ್ತಿದ್ದಳು. ಎರಡು ವರ್ಷದ ಹಿಂದೆ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯಲು ಮೂವರು ಸೇರಿ ಅವಳನ್ನು ಒತ್ತಿ ಹಿಡಿದಿದ್ದರು. ಅಂದಿನಿಂದ ಅಪ್ಪನ ಕೈಯನ್ನೂ ಹತ್ತಿರ ಸೇರಿಸಿರಲಿಲ್ಲ. ಅಪ್ಪನ ಕಸುಬೋ, ಕ್ಷೌರ. ಮನೆಯ ಮುಂಭಾಗದಲ್ಲೇ ಅವನ ಕಟಿಂಗ್ ಅಂಗಡಿ. ಬೀದಿಯಲ್ಲಿರುವ ಗಲ್ಲಗಳೆಲ್ಲ ಅವನ ಬೆರಳಿಗೆ ಪರಿಚಯ, ಮಗಳದ್ದೊಂದು ಬಿಟ್ಟು.

ಹಲ್ಲಿನ ಡಾಕ್ಟರು ಒಳ್ಳೆಯವರು, ತಾಳ್ಮೆಯವರು. ಬಾಯೊಳಗೆ ಒಮ್ಮೆ ಇಣುಕುವಷ್ಟರಲ್ಲಿ ಗುಬ್ಬಿ ಅವರ ಬೆರಳು ಕಚ್ಚಿದ್ದಳು. ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಲೇ ಅವರು ಹೇಳಿದರು: “ದವಡೆ ಹಲ್ಲಿನ ಬುಡದಲ್ಲಿ ಕೀವಾಗಿದೆ. ಔಷಧಿಗೆ ಬಾವು ಇಳಿಯುತ್ತೆ, ನೋವೂ ತಗ್ಗುತ್ತೆ. ಆದರೆ ಹಲ್ಲು ತೆಗೀಲೇಬೇಕು, ಮತ್ತೆ ಊದಿಕೊಳ್ಳೋದ್ರೊಳಗೆ.”

“ನಾಲ್ಕು ಜನ ಹಿಡ್ಕೊಂಡು ಕಿತ್ತುಬಿಡಿ ಸ್ವಾಮಿ,” ಎಂದಳು ಅಜ್ಜಿ.

“ಹಿಡ್ಕೊಳ್ಳೋ ಮಾತು ಎತ್ತಬೇಡಮ್ಮ,” ಅಪ್ಪ ಬಾಗಿಲ ಬಳಿಯಿಂದಲೇ ಗುಡುಗಿದ.

“ಹಾಗಿದ್ರೆ ದೊಡ್ಡಾಸ್ಪತ್ರೇಲಿ ಪ್ರಜ್ಞೆ ತಪ್ಪಿಸಿ ತೆಗೆಸಬೇಕು. ಅಲ್ಲಿ ಸರದಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಜೊತೆಗೆ ಇನ್ನೆರಡು ಹಲ್ಲು ಹುಳುಕಾಗ್ತಿದೆ. ಪ್ರತಿ ಹಲ್ಲಿಗೂ ಪ್ರಜ್ಞೆ ತಪ್ಪಿಸ್ತಾ ಹೋಗೋಕಾಗುತ್ತಾ?” ಡಾಕ್ಟರು ಪಟ್ಟಿಯ ತುದಿಗೆ ಗಂಟು ಹಾಕಿದರು. “ಒಬ್ಬರು ಮೇಡಂ ಇದ್ದಾರೆ. ಇಂಥ ಮಕ್ಕಳಿಗೆ ಅಂತಲೇ ಪಳಗಿಸಿದ ನಾಯಿ ಇಟ್ಕೊಂಡಿದ್ದಾರೆ. ನಾಯಿ ಜೊತೆ ಕೂತು ಹಲ್ಲು ತೋರಿಸಿದ ಮಗುನ ನಾನು ಕಣ್ಣಾರೆ ನೋಡಿದ್ದೀನಿ. ಕೇಳಿ ನೋಡಿ.”

ಆ ದಿನದ ಊಟ ಹೇಗೆ ನಡೆದಿರಬೇಕು, ಊಹಿಸಿಕೊಳ್ಳಿ.

“ನಾಯಿನ ಮನೆಯೊಳಗೆ ಬಿಟ್ಕೊಳ್ಳೋದಾ? ನಾನು ಹಾಸ್ಟೆಲಿನಲ್ಲಿ ಅಷ್ಟು ವರ್ಷ ಅಡುಗೆ ಮಾಡಿದ್ದೀನಿ, ಒಂದೇ ಒಂದು ನೊಣನೂ ಒಳಗೆ ಬಿಟ್ಟವಳಲ್ಲ.”

“ಅತ್ತೆ, ಅದು ನಿಮ್ಮ ಅಡುಗೆಮನೆಗೆ ಬರಲ್ಲ. ಗುಬ್ಬಿ ಹತ್ರ ಬರುತ್ತೆ.”

“ಮನುಷ್ಯರ ಕೈಲಿ ಆಗದ್ದು ನಾಯಿ ಕೈಲಿ ಆಗುತ್ತಾ?”

“ಮನುಷ್ಯರು ಮೂವರು ಸೇರಿ ಏನು ಮಾಡಿದ್ರು ಅಂತ ನೋಡಿದ್ದೀರಲ್ಲ. ನಾಯಿಗೂ ಒಂದು ಅವಕಾಶ ಕೊಡೋಣ,” ಎಂದಳು ಸೊಸೆ. ಬಸ್ಸಿನಲ್ಲಿ ಗಂಟಲು ಪಳಗಿಸಿದವಳು. ಅವಳು ದನಿ ಎತ್ತಿದರೆ ಮನೆಯಲ್ಲಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುವುದು ರೂಢಿ. ಅಜ್ಜಿ ಸರಿದಳು, ಗೊಣಗುತ್ತಲೇ.

ನಾಯಿ ಬಂತು. ಜೇನಿನ ಬಣ್ಣ, ಅಗಲ ತಲೆ, ಜೋತುಬಿದ್ದ ಕಿವಿ. ಅದಕ್ಕೊಂದು ಹೆಸರಿತ್ತು, ಅಜ್ಜಿಯ ನಾಲಿಗೆಗೆ ಅದು ಹೊರಳಲಿಲ್ಲ. ಕಾರಿನಿಂದಿಳಿದು, ತನ್ನದೇ ಚಾಪೆ, ತನ್ನದೇ ನೀರಿನ ಬಟ್ಟಲು, ತನ್ನದೇ ಊಟದ ಡಬ್ಬಿ, ಇವೆಲ್ಲವನ್ನೂ ಹೊತ್ತು ತರಲು ಒಬ್ಬ ಮೇಡಂ ಸಹಿತ ಒಳಗೆ ಬಂದ ಗತ್ತನ್ನು ನೋಡಿ, “ಬಂದ್ರಪ್ಪ ಸಾಹೇಬ್ರು!” ಎಂದಳು ಅಜ್ಜಿ. ಅಂದಿನಿಂದ ಅದೇ ಹೆಸರಾಯಿತು.

ಮೇಡಂ ಹೆಚ್ಚು ಮಾತಿನವರಲ್ಲ. ಸಾಹೇಬರನ್ನು ಚಾಪೆಯ ಮೇಲೆ ಮಲಗಿಸಿ, ತಾವೊಂದು ಮೂಲೆಯಲ್ಲಿ ಕೂತರು. ಗುಬ್ಬಿ ಅತ್ತ ಸುಳಿಯಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ತನ್ನ ಗುಂಡಿಗಳ ಸಾಲನ್ನು ಚಾಪೆಯ ಅಂಚಿನವರೆಗೂ ತಂದಳು. ಅದರಾಚೆ ನಾಯಿಯ ಪಂಜವಿತ್ತು. ಒಂದು ಗುಂಡಿಯನ್ನು ಪಂಜದ ಮೇಲಿಟ್ಟಳು. ನಾಯಿ ಕದಲಲಿಲ್ಲ. ಇನ್ನೊಂದಿಟ್ಟಳು. ಸಾಲು ಪಂಜ ಹತ್ತಿ, ಕಾಲು ಹತ್ತಿ, ಬೆನ್ನಿನ ಮೇಲೆ ಸಾಗಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

“ಇವನನ್ನ ಯಾರೂ ಕರೀಬೇಡಿ, ಮುದ್ದು ಮಾಡಬೇಡಿ, ಏನೂ ಕೊಡಬೇಡಿ,” ಎಂದರು ಮೇಡಂ ಹೊರಡುವಾಗ. “ಈ ಮನೇಲಿ ಇವನಿಗೆ ಬೇಕಾದ್ದೆಲ್ಲ ಗುಬ್ಬಿಯಿಂದಲೇ ಸಿಗಬೇಕು. ಆಗ ಮಾತ್ರ ಇವನ ಗಮನ ಅವಳ ಮೇಲಿರುತ್ತೆ.”

ಎಲ್ಲರೂ ತಲೆಯಾಡಿಸಿದರು. ಅಜ್ಜಿ ಎಲ್ಲರಿಗಿಂತ ಜೋರಾಗಿ ಆಡಿಸಿದಳು.

ವಾರ ಕಳೆದಂತೆ ಕೆಲಸ ಮುಂದೆ ಸಾಗಿತು. ಗುಬ್ಬಿ “ಒರಗು” ಎಂದರೆ ಸಾಹೇಬರು ಅವಳ ತೊಡೆಯ ಮೇಲೆ ತಲೆ, ಮುಂಗಾಲು ಎರಡನ್ನೂ ಹೇರಿ ಭಾರವಾಗಿ ಒರಗುತ್ತಿದ್ದರು. ಆ ಭಾರ ಬಿದ್ದೊಡನೆ ಹುಡುಗಿಯ ಭುಜ ಇಳಿಯುತ್ತಿತ್ತು, ಕೈ ಬೀಸುವುದು ನಿಲ್ಲುತ್ತಿತ್ತು. ಮನುಷ್ಯರ ಬೆರಳು ಸೋಕಿದರೆ ಉರಿದೇಳುವವಳು ನಾಯಿಯ ಮೂವತ್ತು ಕಿಲೋ ಭಾರವನ್ನು ಕಂಬಳಿ ಹೊದ್ದಂತೆ ಹೊದ್ದುಕೊಂಡಳು. ಮೇಡಂ ಒಂದು ಪುಟ್ಟ ಕನ್ನಡಿ ಕೊಟ್ಟರು. ಮೊದಲು ಸಾಹೇಬರು ಬಾಯಿ ತೆರೆಯಬೇಕು, ಗುಬ್ಬಿ ಕನ್ನಡಿ ಹಿಡಿದು ಅವರ ಹಲ್ಲು ನೋಡಬೇಕು. ಆಮೇಲೆ ಗುಬ್ಬಿ ಬಾಯಿ ತೆರೆಯಬೇಕು, ಅಮ್ಮ ಚಮಚದ ಹಿಡಿಯನ್ನು ಹಲ್ಲಿಗೆ ತಾಗಿಸಬೇಕು. ಮಗಳು ಒಂದೊಂದು ದಿನ ಒಂದೊಂದು ಉಸಿರು ಹೆಚ್ಚಿಗೆ ತಡೆದುಕೊಂಡಳು.

“ಡಾಕ್ಟರ ಕುರ್ಚಿ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಹಿಂದಕ್ಕೆ ಬಾಗುತ್ತೆ. ಅದು ಅಭ್ಯಾಸ ಆಗಬೇಕು,” ಎಂದರು ಮೇಡಂ. “ಅಂಥ ಕುರ್ಚಿ ಎಲ್ಲಿ ಸಿಗುತ್ತೆ?”

ಅಪ್ಪ ಮೊದಲ ಬಾರಿಗೆ ಎದೆಯುಬ್ಬಿಸಿದ. “ಎಲ್ಲಿ ಸಿಗುತ್ತೆ ಅಂತೀರಾ? ಗೋಡೆ ಆಚೆ ಎರಡಿವೆ!”

ಅಂಗಡಿಯೊಳಗೆ ಗುಬ್ಬಿ ಅದುವರೆಗೆ ಕಾಲಿಟ್ಟಿರಲಿಲ್ಲ. ಕೂದಲು ತೆಗೆಯುವ ಮೆಷಿನ್ನಿನ ಸದ್ದು ಅವಳಿಗಾಗದು. ಅಪ್ಪ ಮಧ್ಯಾಹ್ನ ಬಾಗಿಲು ಎಳೆದುಕೊಂಡು, ಮೆಷಿನ್ನನ್ನು ಡ್ರಾಯರಿನಲ್ಲಿ ಮುಚ್ಚಿಟ್ಟು, ಕುರ್ಚಿ ಒರೆಸಿ ಕೊಟ್ಟ. ಸಾಹೇಬರು ಕಾಲಿಡುವ ಹಲಗೆಯ ಮೇಲೆ ಹಿಂಗಾಲೂರಿ, ಮುಂಗಾಲನ್ನು ಗುಬ್ಬಿಯ ತೊಡೆಯ ಮೇಲಿಟ್ಟರು. ಕುರ್ಚಿ ಮೇಲೆ ಹೋಯಿತು. ಕೆಳಗೆ ಬಂತು. ಹಿಂದಕ್ಕೆ ಬಾಗಿತು. ಗುಬ್ಬಿ ಕನ್ನಡಿಯಲ್ಲಿ ತನ್ನನ್ನೂ ನಾಯಿಯನ್ನೂ ನೋಡಿ, “ಕೊನೇ ಸ್ಟಾಪ್, ಎಲ್ಲಾ ಇಳೀರಿ” ಎಂದಳು. ಅಪ್ಪ ನಕ್ಕದ್ದು ನೋಡಬೇಕಿತ್ತು.

ಸಂಜೆ ಬಂದ ಗಿರಾಕಿಯೊಬ್ಬ ಕುರ್ಚಿಯನ್ನು ದಿಟ್ಟಿಸಿ ಮೂಗು ಮುರಿದ. “ಏನಪ್ಪಾ, ಇಲ್ಲಿ ನಾಯಿ ಕೂದಲಿದೆ?”

“ಸಾರ್, ಕಟಿಂಗ್ ಅಂಗಡೀಲಿ ಕೂದಲು ಬಿಟ್ಟು ಇನ್ನೇನಿರುತ್ತೆ? ಕೂತ್ಕೊಳ್ಳಿ,” ಎಂದ ಅಪ್ಪ. ಗಿರಾಕಿ ಕೂತ.

ಎಲ್ಲ ಸರಿಯಾಗಿತ್ತು, ಅಜ್ಜಿಯೊಬ್ಬಳನ್ನು ಬಿಟ್ಟು. ನೊಣವನ್ನೂ ಒಳಗೆ ಬಿಡದ ಈ ಮಹಾತಾಯಿ ಎರಡನೇ ವಾರದಲ್ಲೇ ಸೋತುಹೋಗಿದ್ದಳು. ಹಾಸ್ಟೆಲಿನಲ್ಲಿ ನೂರಾರು ಮಕ್ಕಳಿಗೆ ಬಡಿಸಿದ ಕೈ ಅದು. ಹಸಿದ ಕಣ್ಣು ಕಂಡರೆ ತಡೆಯದು. ನಾಯಿಗೋ, ಹೊಟ್ಟೆ ತುಂಬಿದ್ದರೂ ಹಸಿದ ಕಣ್ಣು ಮಾಡುವ ವಿದ್ಯೆ ಹುಟ್ಟಿನಿಂದ ಗೊತ್ತು. ಅಡುಗೆಮನೆಯ ಬಾಗಿಲಲ್ಲಿ ಯಾರೂ ನೋಡದಾಗ ಅರ್ಧ ಮೊಟ್ಟೆ, ಒಂದು ತುಂಡು ಬೆಂದ ಆಲೂಗಡ್ಡೆ. “ನಮ್ಮ ಹುಡುಗಿಗೋಸ್ಕರ ದುಡೀತಾನೆ, ಬರೀ ಬಾಯಲ್ಲಿ ಕಳಿಸೋದಾ?” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೀಗೆ ಕೊಟ್ಟರೆ ನಾಯಿ ಮೊಮ್ಮಗಳನ್ನು ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳುತ್ತದೆಂದು ಅವಳು ನಿಜವಾಗಿ ನಂಬಿದ್ದಳು. ಹಾಸ್ಟೆಲಿನ ವಾರ್ಡನ್ನರನ್ನು ಅವಳು ಒಲಿಸಿಕೊಂಡದ್ದು ಇದೇ ಉಪಾಯದಿಂದ.

ಕ್ಲಿನಿಕ್ಕಿನಲ್ಲಿ ಒಮ್ಮೆ ಸುಮ್ಮನೆ ಕೂತು ಬರುವ ದಿನ ಬಂತು. ಹಲ್ಲು ತೆಗೆಯುವುದು ಅಂದಲ್ಲ. ಕುರ್ಚಿ, ದೀಪ, ವಾಸನೆ ಪರಿಚಯವಾಗಲಿ ಎಂದು. ಅಪ್ಪ ಅಂಗಡಿ ಬಿಟ್ಟು ಬರಲಾಗದೆ ಉಳಿದ. ಗುಬ್ಬಿ ತಾನಾಗಿಯೇ ಒಳಗೆ ನಡೆದು ಕುರ್ಚಿ ಹತ್ತಿದಳು. “ಒರಗು” ಎಂದಳು. ಸಾಹೇಬರು ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಅಜ್ಜಿ ಕೂತಿದ್ದಳಲ್ಲ, ಅವಳ ಚೀಲಕ್ಕೆ ಮೂಗು ತೂರಿಸಿ ಅಲ್ಲೇ ಮಲಗಿಬಿಟ್ಟಿದ್ದರು. “ಒರಗು.” ಗುಬ್ಬಿಯ ದನಿ ಏರಿತು. “ಒರಗು! ಒರಗು!” ಅಷ್ಟರಲ್ಲಿ ಡಾಕ್ಟರು ದೀಪ ಹಾಕಿದರು. ಗುಬ್ಬಿ ಕಿರುಚಿ, ಟ್ರೇ ಒದ್ದು, ಕುರ್ಚಿಯ ಕೆಳಗೆ ನುಸುಳಿ ಕಿವಿ ಮುಚ್ಚಿಕೊಂಡಳು. ಅವಳನ್ನು ಹೊರತರುವಷ್ಟರಲ್ಲಿ ಅಮ್ಮನ ಮುಖ ಬಿಳಿಚಿಕೊಂಡಿತ್ತು.

ಮೇಡಂ ಚೀಲ ಬಿಡಿಸಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಮೊಟ್ಟೆಯ ವಾಸನೆ ಅಲ್ಲಿದ್ದ ಎಲ್ಲರಿಗೂ ಬರುತ್ತಿತ್ತು.

“ಎಷ್ಟು ದಿನದಿಂದ ಅಮ್ಮ?” ಎಂದಷ್ಟೇ ಕೇಳಿದರು.

ಅಜ್ಜಿ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

“ಇವನು ಕೆಲಸ ಮಾಡೋದು ಗುಬ್ಬಿಯನ್ನ ನೋಡ್ಕೊಂಡು. ಈಗ ನಿಮ್ಮನ್ನ ನೋಡ್ತಿದ್ದಾನೆ. ಅವಳು ಕರೆದಾಗ ಇವನು ಬರದೇ ಇದ್ರೆ, ಇವನು ಇಲ್ಲದೇ ಇರೋದೇ ಅವಳಿಗೆ ವಾಸಿ. ಎರಡು ವಾರ ನೋಡ್ತೀನಿ. ಸರಿಹೋಗದಿದ್ರೆ ನಿಲ್ಲಿಸ್ತೀನಿ. ಇವನಿಗಾಗಿ ಕಾಯ್ತಿರೋ ಬೇರೆ ಮಕ್ಕಳಿದ್ದಾರೆ.”

ಮನೆಗೆ ಬಂದ ಮೇಲೆ ಶುರುವಾಯಿತು.

“ಒಂದೇ ಒಂದು ದಾರಿ ಸಿಕ್ಕಿತ್ತು ಅತ್ತೆ, ಒಂದೇ ಒಂದು!” ಸೊಸೆ ಬಸ್ಸಿನ ಕೊನೆಯ ಸೀಟಿಗೆ ಕೇಳುವ ದನಿಯಲ್ಲಿ ಕೂಗಿದಳು. “ಅದಕ್ಕೂ ಮೊಟ್ಟೆ ತಿನ್ನಿಸಿ ನಿಮ್ಮ ಕಡೆ ಮಾಡ್ಕೊಂಡ್ರಿ!”

“ನಾನೇನು ವಿಷ ಹಾಕಿದ್ನಾ? ಪ್ರೀತಿಗೆ ಹಾಕಿದ್ದು.”

“ನಿಮ್ಮ ಪ್ರೀತಿ ಒಂಚೂರು ಕಮ್ಮಿ ಇದ್ದಿದ್ರೆ ನನ್ನ ಮಗಳು ಇವತ್ತು ಕುರ್ಚಿ ಕೆಳಗೆ ಕೂರ್ತಿರಲಿಲ್ಲ.”

“ಸಾಕು ಬಿಡೇ,” ಎಂದ ಅಪ್ಪ.

“ಏನು ಸಾಕು? ನೀವು ಬಂದಿದ್ರಾ ಅಲ್ಲಿ? ಬೇರೆಯವರ ಗಡ್ಡ ಕೆರೀತಾ ಇಲ್ಲೇ ನಿಂತಿದ್ರಿ!”

ಅಜ್ಜಿ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು. ಒಂದು ಪಾತ್ರೆ, ಎರಡು ಪಾತ್ರೆ, ಆಮೇಲೆ ಸದ್ದು ನಿಂತಿತು. ಅಪ್ಪ ಇಣುಕಿದಾಗ ಅವಳು ಮುಸುರೆ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

“ನನ್ನಿಂದಲೇ ಹಾಳಾಯ್ತು ಕಣೋ. ಏನು ಮಾಡಬೇಕೋ ಹೇಳು. ಮಾಡ್ತೀನಿ.”

ಏನು ಮಾಡಬೇಕೆಂದು ಮೇಡಂ ಹೇಳಿದರು. ಮಾಡಬೇಕಾದ್ದು ಏನೂ ಇರಲಿಲ್ಲ, ಅದೇ ಕಷ್ಟ. ನಾಯಿ ಬಂದಾಗ ಅಜ್ಜಿ ಅದನ್ನು ನೋಡಬಾರದು, ಮಾತಾಡಿಸಬಾರದು, ಹತ್ತಿರ ಬಂದರೆ ಮುಖ ತಿರುಗಿಸಬೇಕು. ಡಬ್ಬಿಯ ಊಟವನ್ನು ಇನ್ನು ಮುಂದೆ ಗುಬ್ಬಿಯೇ ಬಡಿಸಬೇಕು.

“ಅವಳಾ? ಒದ್ದೆ ಅಂದ್ರೆ ಬೆರಳು ತಾಗಿಸಲ್ಲ ಅವಳು!” ಎಂದಳು ಅಮ್ಮ.

“ಬಡಿಸೋದು ನಾನು ಹೇಳಿಕೊಡ್ತೀನಿ,” ಎಂದಳು ಅಜ್ಜಿ. “ನಾಯಿ ಕಡೆ ಬೆನ್ನು ಮಾಡ್ಕೊಂಡೇ ಹೇಳ್ತೀನಿ. ಅಷ್ಟಾದ್ರೂ ಬಿಡಿ.”

ಹಾಗೆ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಹಾಸ್ಟೆಲಿನಿಂದ ತಂದಿದ್ದ ಉದ್ದ ಹಿಡಿಯ ಸೌಟೊಂದನ್ನು ಗುಬ್ಬಿಗೆ ಕೊಟ್ಟಿದ್ದಳು. ಅದರಲ್ಲಿ ಬಡಿಸಿದರೆ ಕೈಗೆ ಒದ್ದೆಯಾಗದು.

“ಸೌಟು ಹಿಡಿ. ಡಬ್ಬಿ ತಳಕ್ಕೆ ಇಳಿಸು. ತುಂಬಿತಾ? ಮೇಲೆತ್ತು. ಆತುರ ಬೇಡ. ಬಟ್ಟಲ ಮೇಲೆ ತಗೊಂಡೋಗಿ ಮಗುಚು.”

ಮೊದಲ ದಿನ ಅರ್ಧ ನೆಲಕ್ಕೆ ಬಿತ್ತು. ಸಾಹೇಬರು ನೆಲವನ್ನೂ ನೆಕ್ಕಿ ಹೊಳೆಯುವಂತೆ ಮಾಡಿದರು. ಎರಡನೇ ದಿನ ಕಡಿಮೆ ಬಿತ್ತು. ಬಡಿಸಿದ ಮೇಲೆ ಗುಬ್ಬಿ ಬಟ್ಟಲ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅದು ಖಾಲಿಯಾಗುವವರೆಗೆ ನೋಡುತ್ತಿದ್ದಳು. ಥೇಟ್ ಅಜ್ಜಿಯ ಹಾಗೆ.

ಆದರೂ ಸಾಹೇಬರ ನಾಲಿಗೆ ಹಳೆಯ ರುಚಿ ಮರೆಯಲೊಲ್ಲದು. ಊಟ ಮುಗಿಸಿ ಅಜ್ಜಿಯ ಬಳಿ ಬಂದು ಅವಳ ಮೊಣಕೈಯನ್ನು ಮೂಗಿನಿಂದ ತಿವಿಯುತ್ತಿದ್ದರು. ಅಜ್ಜಿ ಗೋಡೆ ನೋಡುತ್ತಿದ್ದಳು. ತೊಡೆಯ ಮೇಲೆ ಗಲ್ಲವಿಟ್ಟರೂ ನೋಡಲಿಲ್ಲ. “ನಾನು ಕಲ್ಲು, ನಾನು ಕಲ್ಲು” ಎಂದು ಹಲ್ಲು ಕಚ್ಚಿ ಹೇಳಿಕೊಳ್ಳುತ್ತಿದ್ದಳು. ಕೊಡದೆ ಕೂರುವಷ್ಟು ಕಷ್ಟ ಅವಳಿಗೆ ಕೊಡುವುದರಲ್ಲಿ ಎಂದೂ ಆಗಿರಲಿಲ್ಲ.

ಎರಡು ವಾರ ಮುಗಿಯುತ್ತ ಬಂದಿತ್ತು. ಅಂಗಡಿಯ ಕುರ್ಚಿಯ ಮೇಲೆ ಗುಬ್ಬಿ ಕನ್ನಡಿ ಹಿಡಿದು ಸಿದ್ಧವಾಗಿದ್ದಳು. ಮೇಡಂ, ಅಪ್ಪ, ಅಮ್ಮ ಸುತ್ತ ನಿಂತಿದ್ದರು. ಅಜ್ಜಿ ಗಿರಾಕಿಗಳ ಬೆಂಚಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಗುಬ್ಬಿ “ಒರಗು” ಎಂದಳು. ಸಾಹೇಬರು ಬಾಗಿಲ ಬಳಿ ನಿಂತು ಬೆಂಚಿನತ್ತ ನೋಡಿದರು, ಕುರ್ಚಿಯತ್ತ ನೋಡಿದರು, ಮತ್ತೆ ಬೆಂಚಿನತ್ತ ಒಂದು ಹೆಜ್ಜೆಯಿಟ್ಟರು. ಅಮ್ಮ ಕಣ್ಣು ಮುಚ್ಚಿಕೊಂಡಳು.

“ಹೇ! ಅಲ್ಲೇನ್ ನಿಂತಿದ್ದೀರಾ? ಮುಂದೆ ಬನ್ನಿ, ಮುಂದೆ ಬನ್ನಿ! ಜಾಗ ಇದೆ!”

ಅಂಗಡಿಯೇ ಬೆಚ್ಚಿತು. ಅದು ಅಮ್ಮನ ದನಿ, ಬಸ್ಸು ತುಂಬಿ ತುಳುಕುವಾಗಿನ ದನಿ. ಆದರೆ ಅಮ್ಮ ಬಾಯಿ ತೆರೆದಿರಲಿಲ್ಲ. ಕುರ್ಚಿಯ ಮೇಲೆ ಕೂತ ಗುಬ್ಬಿ ನೇರವಾಗಿ ನಾಯಿಯ ಮುಖ ನೋಡುತ್ತ, ಬೆರಳು ತೋರಿಸಿ ಕರೆಯುತ್ತಿದ್ದಳು. ಸಾಹೇಬರು ಕಿವಿ ನಿಮಿರಿಸಿದರು. ಬಾಲ ಒಮ್ಮೆ ಅಲ್ಲಾಡಿತು. ಒಂದೇ ನೆಗೆತಕ್ಕೆ ಬಂದು ಅವಳ ತೊಡೆಯ ಮೇಲೆ ಭಾರ ಹೇರಿದರು.

“ಇಷ್ಟು ವರ್ಷ ನನ್ನ ಮಾತು ಗಾಳಿಗೆ ಹೇಳ್ತಿದ್ಲು,” ಎಂದಳು ಅಮ್ಮ. “ಇವತ್ತು ಒಬ್ಬರಿಗೆ ಹೇಳಿದ್ಲು.”

“ಇನ್ಮೇಲೆ ಅವನನ್ನ ಕರೆಯೋ ಮಾತು ಇದೇ,” ಎಂದರು ಮೇಡಂ. ಆ ಮಾತುಗಾರರಲ್ಲದ ಮೇಡಂ ಅಂದು ಎರಡು ಸಲ ನಕ್ಕರು.

ಹಲ್ಲು ತೆಗೆಯುವ ದಿನ ಡಾಕ್ಟರು ಬೇರೆ ರೋಗಿಗಳನ್ನು ಬರಹೇಳಿರಲಿಲ್ಲ. ಗಿರಾಕಿಗಳ ನೂಕುನುಗ್ಗಲಿಗೆ ಅಪ್ಪ ಈ ಸಲವೂ ಅಂಗಡಿಯಲ್ಲೇ ಉಳಿದಿದ್ದ. ಅಜ್ಜಿ ಚೀಲವನ್ನೇ ತಂದಿರಲಿಲ್ಲ. ಎರಡೂ ಕೈ ಬರಿದಾಗಿ, ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಹೊಸಕಿಕೊಳ್ಳುತ್ತ ಬೆಂಚಿನ ಮೇಲೆ ಕೂತಳು. “ಮುಂದೆ ಬನ್ನಿ, ಮುಂದೆ ಬನ್ನಿ!” ಎಂದು ಒಳಗಿನಿಂದ ಕೂಗು ಬಂತು. ಸಾಹೇಬರು ಅಜ್ಜಿಯ ಕಾಲಿಗೆ ಸವರಿಕೊಂಡೇ ಹೋದರು, ತಿರುಗಿ ಕೂಡ ನೋಡಲಿಲ್ಲ. ಅಜ್ಜಿಗೆ ಒಳಗೊಳಗೇ ಚುರ್ ಎಂದಿತು. ಅದರ ಹಿಂದೆಯೇ, ಕುಣಿಯಬೇಕೆನ್ನುವಷ್ಟು ಖುಷಿಯಾಯಿತು.

ಒಳಗೆ ನಡೆದದ್ದನ್ನು ಅಮ್ಮ ಆಮೇಲೆ ಎಷ್ಟೋ ಜನರಿಗೆ ಹೇಳಿದಳು, ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೂ ಹೇಳಿದಳು. ಗುಬ್ಬಿ ಮೊದಲು ನಾಯಿಯ ಹಲ್ಲು ನೋಡಿದಳು. ಆಮೇಲೆ ತಾನು ಬಾಯಿ ತೆರೆದಳು. ಡಾಕ್ಟರು ಒಸಡಿಗೆ ಮರಗಟ್ಟಿಸುವ ಔಷಧಿ ಸವರಿದರು, ಕಾದರು, ಸೂಜಿ ಹಾಕಿದರು. ಗುಬ್ಬಿ ಎರಡೂ ಮುಷ್ಟಿಯಲ್ಲಿ ಸಾಹೇಬರ ಕತ್ತಿನ ಕೂದಲು ಹಿಡಿದಳು. ಕಣ್ಣಲ್ಲಿ ನೀರು ಬಂತು. ಬಾಯಿ ಮುಚ್ಚಲಿಲ್ಲ. ಯಾರೂ ಅವಳನ್ನು ಹಿಡಿಯಲಿಲ್ಲ, ಅವಳೇ ಹಿಡಿದುಕೊಂಡಿದ್ದಳು. ಇಕ್ಕಳ ಹೋಯಿತು, ತಿರುಗಿತು, ಬಂತು.

“ಆಯ್ತು,” ಎಂದರು ಡಾಕ್ಟರು. ತಮ್ಮ ಹತ್ತೂ ಬೆರಳು ಸರಿಯಾಗಿವೆಯೇ ಎಂದು ನೋಡಿಕೊಂಡರು. “ಆಗೇಹೋಯ್ತು!”

ಹತ್ತಿ ಕಚ್ಚಿಕೊಂಡ ಗುಬ್ಬಿ ಹೊರಗೆ ಬಂದು ನೇರವಾಗಿ ಅಜ್ಜಿಯ ಮುಂದೆ ನಿಂತಳು. ಹತ್ತಿಯನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ, ಬಾಯಿ ಅಗಲಿಸಿದಳು.

“ಅಜ್ಜಿ, ನೋಡು.”

ಯಾವತ್ತೂ ಯಾವುದನ್ನೂ ಯಾರಿಗೂ ನೋಡು ಎಂದವಳಲ್ಲ ಅವಳು. ಅಜ್ಜಿ ನೋಡಿದಳು. ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. “ಕಂಡ್ತು ಕಣೇ, ಕಂಡ್ತು, ಎಷ್ಟು ಚೆನ್ನಾಗಿದೆ!” ಎಂದು ಸುಳ್ಳು ಹೇಳಿದಳು.

ಗುಬ್ಬಿಗೆ ಅಷ್ಟು ಸಾಲದು. ಮನೆ ತಲುಪುತ್ತಲೇ ಬೇರೆಯವರನ್ನು ಹಿಂದೆ ಬಿಟ್ಟು, ಸಾಹೇಬರ ಹಗ್ಗ ಹಿಡಿದು ಅಂಗಡಿಗೆ ನುಗ್ಗಿದಳು. ಒಳಗೆ ಜನ ತುಂಬಿದ್ದರು, ಒಂದು ಕುರ್ಚಿಯಲ್ಲಿ ಕೆಲಸದವನ ಮೆಷಿನ್ನು ಗುಂಯ್‌ಗುಡುತ್ತಿತ್ತು. ಅವಳು ಒಂದು ಕೈಯಲ್ಲಿ ಒಂದು ಕಿವಿ ಮುಚ್ಚಿಕೊಂಡು, ನಿಲ್ಲದೆ ಅಪ್ಪನ ಬಳಿ ಬಂದಳು. ಅಪ್ಪ ಗಿರಾಕಿಯೊಬ್ಬನ ಅರ್ಧ ಗಡ್ಡ ತೆಗೆದಿದ್ದ.

“ಅಪ್ಪ, ನೋಡು.”

ಅಪ್ಪ ಕತ್ತಿ ಕೆಳಗಿಟ್ಟ. ಬಾಗಿದ. ಬೆಳಕು ಸಾಲಲಿಲ್ಲ. ದಿನಕ್ಕೆ ನೂರು ಗಲ್ಲ ಹಿಡಿಯುವ ಕೈ ತಾನಾಗಿಯೇ ಮೇಲೆದ್ದು, ನೆನಪಾಗಿ, ಅರ್ಧದಲ್ಲೇ ನಿಂತಿತು. ಗುಬ್ಬಿ ಕಾದಳು. ಕೈ ಬರಲಿಲ್ಲ. ಅವಳೇ ಒಂದು ಹೆಜ್ಜೆ ಮುಂದೆ ಬಂದು ಗಲ್ಲವನ್ನು ಅವನ ಅಂಗೈಯಲ್ಲಿಟ್ಟಳು.

ಅಪ್ಪ ಅವಳ ಮುಖವನ್ನು ಮೆಲ್ಲಗೆ ದೀಪದ ಕಡೆ ತಿರುಗಿಸಿ ನೋಡಿದ. ಬಹಳ ಹೊತ್ತು ನೋಡಿದ.

“ನೋಡಪ್ಪ ನೋಡು, ನಿಧಾನವಾಗಿ ನೋಡು,” ಎಂದ ಮುಖದ ತುಂಬ ಸೋಪಿನ ನೊರೆಯಿದ್ದ ಗಿರಾಕಿ. “ನನ್ನ ಗಡ್ಡ ಎಲ್ಲಿಗೂ ಓಡಿಹೋಗಲ್ಲ.”

ಅಪ್ಪ ಆ ಗಿರಾಕಿಯ ಹೆಗಲಿನ ಟವೆಲನ್ನೇ ಎಳೆದು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಗುಬ್ಬಿ ಬೆಂಚಿನ ಕಡೆ ತಿರುಗಿ, ಕಾಯುತ್ತಿದ್ದವರಿಗೆಲ್ಲ ಸರದಿಯ ಪ್ರಕಾರ ಬಾಯಿ ತೆರೆದು ತೋರಿಸತೊಡಗಿದ್ದಳು.